ಹೆಗಲ ಮೇಲಿನ ಬೇತಾಳ



ಮಕ್ಕಳ ಕೈಗೆ ದೆವ್ವ-ಭೂತಗಳ ಕಥೆಗಳನ್ನು ಕೊಡಬಹುದೇ, ಕೊಡಬಾರದೇ ಎಂಬ ಪ್ರಶ್ನೆಯನ್ನು ತಾಯಂದಿರು ಆಗಾಗ ನಮ್ಮ ಮುಂದಿಡುತ್ತಾರೆ. ಮೊಬೈಲಿನಲ್ಲಿ ಏನನ್ನೋ ನೋಡಿ ಬೆದರಿದ ಮಗು ರಾತ್ರಿ ದೀಪವಾರಿಸಲು ಬಿಡುವುದಿಲ್ಲ, ಬಚ್ಚಲಿಗೆ ಒಂಟಿಯಾಗಿ ಹೋಗಲೊಲ್ಲದು ಎಂಬುದು ಅವರ ಅಳಲು. ಮನೋವಿಜ್ಞಾನಿಗಳಂತೆ ಇದಕ್ಕೆ ಉತ್ತರ ಹೇಳುವ ಅಧಿಕಾರ ನಮಗಿಲ್ಲ. ಆದರೆ ಬೆಳಗಾವಿಯ ಕ್ಯಾಂಪಿನಲ್ಲಿ ಬಾಲ್ಯವನ್ನು ಕಳೆದ ನಮ್ಮ ಪೀಳಿಗೆಯವರನ್ನು ಹೆದರಿಸುವುದಕ್ಕೆಂದೇ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಅತಿಥಿಯೊಬ್ಬನಿದ್ದನು. ಆತನಿಂದ ನಮಗೆ ಕೇಡಾಯಿತೋ ಲಾಭವಾಯಿತೋ ಎಂಬುದನ್ನು ಹೇಳುವಷ್ಟು ಅನುಭವ ನಮಗಿದೆ ಎಂದು ಭಾವಿಸಿದ್ದೇವೆ.

ಹೊರಊರಿನ ಓದುಗರಿಗೆ ಕ್ಯಾಂಪ್ ಎಂದರೇನೆಂದು ತುಸು ಬಿಡಿಸಿ ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ತಮ್ಮ ಸೈನ್ಯಕ್ಕಾಗಿ ಕಟ್ಟಿಕೊಂಡ ದಂಡು ಪ್ರದೇಶವಿದು. ರೈಲು ನಿಲ್ದಾಣಕ್ಕೆ ಹತ್ತಿರ. ಅಗಲವಾದ ರಸ್ತೆಗಳು, ಹೆಂಚು ಹೊದಿಸಿದ ಹಳೆಯ ಬಂಗಲೆಗಳು, ಇಗರ್ಜಿಗಳು, 1856ರಲ್ಲಿ ಆರಂಭವಾದ ಸೇಂಟ್ ಪಾಲ್ಸ್ ಶಾಲೆ, ಇಂಗ್ಲಿಷ್ ಚಿತ್ರಗಳು ಬರುತ್ತಿದ್ದ ಗ್ಲೋಬ್ ಚಿತ್ರಮಂದಿರ. ಕನ್ನಡಿಗರು, ಮರಾಠಿಗರು, ಮುಸಲ್ಮಾನರು, ಗೋವೆಯ ಕ್ರೈಸ್ತರು, ಸೈನ್ಯದ ನೌಕರಿಯ ನಿಮಿತ್ತ ಬಂದ ತಮಿಳರು-ತೆಲುಗರು ಎಲ್ಲರೂ ಒಂದೇ ಓಣಿಯ ನಳದ ನೀರು ಕುಡಿದು ಬೆಳೆದವರು. ನಾವು ಹೇಳುತ್ತಿರುವುದು ಅರವತ್ತು, ಎಪ್ಪತ್ತರ ದಶಕಗಳ ಮಾತು. ಆಗ ಸಂಜೆ ಏಳಕ್ಕೆಲ್ಲ ಆ ಅಗಲವಾದ ರಸ್ತೆಗಳು ನಿರ್ಜನವಾಗುತ್ತಿದ್ದವು. ಹುಡುಗರು ಪ್ರತಿಯೊಂದು ಹಳೆಯ ಬಂಗಲೆಗೂ ಒಂದೊಂದು ದೆವ್ವವನ್ನು ಹಂಚಿಕೊಟ್ಟಿದ್ದರು. ಒಂದರಲ್ಲಿ ಕುದುರೆಯೇರಿದ ಸಾಹೇಬನಿದ್ದನು. ಮತ್ತೊಂದರಲ್ಲಿ ಬಿಳಿಯ ಉಡುಪಿನ ಮೇಮ್‌ಸಾಹೇಬಳಿದ್ದಳು. ಯಾವ ದೆವ್ವಕ್ಕೆ ಯಾವ ಭಾಷೆ ಬರುತ್ತದೆ ಎಂಬ ಬಗೆಗೆ ನಮ್ಮಲ್ಲಿ ಗಂಭೀರವಾದ ಚರ್ಚೆಗಳು ನಡೆಯುತ್ತಿದ್ದುವು. ಬೇಸಿಗೆಯ ರಜೆಗೆ ಖಾನಾಪುರದ ಸೋದರಮಾವನ ಮನೆಗೆ ಹೋದರೆ ಅಲ್ಲಿ ಕೊಳ್ಳಿದೆವ್ವ. ದೂರದ ಕತ್ತಲಲ್ಲಿ ಕೆಂಪಗೆ ಉರಿಯುವುದೆಲ್ಲ ಕೊಳ್ಳಿದೆವ್ವವೇ. ಅದು ಹೆಂಚಿನ ಭಟ್ಟಿಯ ಬೆಂಕಿಯೆಂದು ಹಗಲಿನಲ್ಲಿ ಎಲ್ಲರಿಗೂ ತಿಳಿದೇ ಇತ್ತು.

ಇಂಥ ಊರಿಗೆ ಮದರಾಸಿನಿಂದ ರೈಲಿನಲ್ಲಿ ಬೇತಾಳನು ಬರುತ್ತಿದ್ದನು, 'ಚಂದಮಾಮ'ದ ಪುಟಗಳಲ್ಲಿ ಕುಳಿತು.

ಚಲನಚಿತ್ರ ನಿರ್ಮಾಪಕರಾದ ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈ ತಿಂಗಳಿನಲ್ಲಿ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಈ ಪತ್ರಿಕೆಯನ್ನು ಆರಂಭಿಸಿದರು. ಕನ್ನಡ 'ಚಂದಮಾಮ' 1949ರಲ್ಲಿ ಬಂದಿತು; ಮರಾಠಿಯ 'ಚಾಂದೋಬಾ' 1952ರಲ್ಲಿ, ಇಂಗ್ಲಿಷ್ ಆವೃತ್ತಿ 1955ರಲ್ಲಿ. ಮಾಂತ್ರಿಕನೊಬ್ಬನ ಅಟ್ಟಹಾಸಕ್ಕೆ ಇಡೀ ಆಂಧ್ರವೇ ಬೆರಗಾದ 'ಪಾತಾಳ ಭೈರವಿ' ಚಿತ್ರವನ್ನು 1951ರಲ್ಲಿ ತೆಗೆದವರೂ ಇವರೇ. ಮಕ್ಕಳನ್ನು ಎಷ್ಟು ಹೆದರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಳತೆ ಈ ಜನರಿಗೆ ಚೆನ್ನಾಗಿ ಗೊತ್ತಿತ್ತು. ಮುಖಪುಟಗಳ ಮಾತು ಬಂದಾಗ ನಮ್ಮ ನಾಡಿನ ಎಂ.ಟಿ.ವಿ. ಆಚಾರ್ಯರನ್ನು ನೆನೆಯದಿರಲಾಗದು. ಮಹಾಭಾರತದ ಪ್ರಸಂಗಗಳನ್ನು ಅವರು ವರ್ಣಚಿತ್ರಗಳಾಗಿ ಬರೆದುದನ್ನು ಎಷ್ಟೋ ಮನೆಗಳಲ್ಲಿ ಕತ್ತರಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ಆದರೆ ನಾವು ಹುಡುಗರು ಮುಖಪುಟವನ್ನು ನೋಡಿಯೂ ನೋಡದವರಂತೆ ಒಳಗಿನ ಪುಟಗಳಿಗೆ ಧಾವಿಸುತ್ತಿದ್ದೆವು. ಅಲ್ಲಿ ಎರಡು ಬಗೆಯ ಭಯಗಳು ನಮಗಾಗಿ ಕಾದಿರುತ್ತಿದ್ದುವು. ಒಂದು, ಧಾರಾವಾಹಿ. ಪಾತಾಳದುರ್ಗ, ಶಿಥಿಲಾಲಯ, ಮಾಯಾಸರೋವರ ಎಂಬ ಹೆಸರುಗಳನ್ನು ಇಂದು ಉಚ್ಚರಿಸಿದರೂ ನಮ್ಮ ವಯಸ್ಸಿನವರ ಕಣ್ಣುಗಳು ಅರಳುತ್ತವೆ. ಎರಡು ತಲೆಯ ಪ್ರಾಣಿಗಳು, ಕೊಂಬುಳ್ಳ ಕಾಡುಮನುಷ್ಯರು, ತಲೆಬುರುಡೆಯ ಮಾಲೆ ಧರಿಸಿದ ಮಾಂತ್ರಿಕರು, ಕೆಸರಿನಿಂದ ಮೇಲೇಳುವ ಮಹಾಸರ್ಪಗಳು! ಇವನ್ನೆಲ್ಲ ಬರೆದವರ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತಿರಲಿಲ್ಲ. ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಎಂಬವರು ಇವುಗಳ ಕರ್ತೃ ಎಂಬುದು ನಮಗೆ ತಿಳಿದದ್ದು ನಮ್ಮ ತಲೆ ನೆರೆತ ಮೇಲೆ. ಅವರು 2010ರಲ್ಲಿ ತೀರಿಕೊಂಡರು. ಚಿತ್ರಗಳ ಅಡಿಯಲ್ಲಿ ಮಾತ್ರ 'ಚಿತ್ರಾ' ಎಂಬ ಸಹಿಯಿರುತ್ತಿತ್ತು. ಅದು ಹೆಂಗಸಿನ ಹೆಸರೆಂದೇ ನಮ್ಮ ಓಣಿಯಲ್ಲಿ ಎಲ್ಲರೂ ನಂಬಿದ್ದರು. ಇಷ್ಟು ಭಯಂಕರವಾದ ರಾಕ್ಷಸರನ್ನು ಬಿಡಿಸುವ ಆ ತಾಯಿಯ ಮನೆಯಲ್ಲಿ ಮಕ್ಕಳು ಹೇಗೆ ಮಲಗುತ್ತಾರೋ ಎಂದು ನೆರೆಮನೆಯ ಕಾಕು ಮರುಗುತ್ತಿದ್ದರು. ಚಿತ್ರಾ ಎಂದರೆ ಟಿ.ವಿ. ರಾಘವನ್ ಎಂಬ ಗಂಡಸು.

ಎರಡನೆಯ ಭಯವೇ ಬೇತಾಳ. ಈ ಪುಟಕ್ಕೆ ಚಿತ್ರ ಬರೆದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. 1924ರಲ್ಲಿ ಹುಟ್ಟಿದ ಅವರು 1952ರಲ್ಲಿ 'ಚಂದಮಾಮ' ಸೇರಿ ಸುಮಾರು ಆರು ದಶಕ ಅದೇ ಪತ್ರಿಕೆಗಾಗಿ ಕುಂಚ ಹಿಡಿದರು. ಸ್ಮಶಾನದ ಹಾದಿ, ಬೋಳುಮರ, ಒಂದು ಕೈಯಲ್ಲಿ ಹಿರಿದ ಖಡ್ಗ, ಹೆಗಲ ಮೇಲೆ ಹೆಣ, ಅದಕ್ಕೆ ಮೈದುಂಬಿದ ಬೇತಾಳ. ರಾಜನ ಮುಖದಲ್ಲಿ ಮಾತ್ರ ಹೆದರಿಕೆಯ ಲವಲೇಶವೂ ಇಲ್ಲ. ಆ ಚಿತ್ರವನ್ನು ನೋಡದೆ ಬೆಳೆದ ಕನ್ನಡಿಗರು ನಮ್ಮ ವಯಸ್ಸಿನವರಲ್ಲಿ ವಿರಳ. 'ಛಲ ಬಿಡದ ತ್ರಿವಿಕ್ರಮ' ಎಂಬ ಮಾತು ಕನ್ನಡದಲ್ಲಿ ಗಾದೆಯಷ್ಟೇ ಬಳಕೆಗೆ ಬಂದುದು ಈ ಪುಟದಿಂದಲೇ. ಇಂದಿಗೂ ಚುನಾವಣೆಯಲ್ಲಿ ಮೂರು ಸಲ ಸೋತು ನಾಲ್ಕನೆಯ ಸಲ ನಿಲ್ಲುವವರಿಗೆ ಪತ್ರಿಕೆಗಳು ಈ ಬಿರುದನ್ನೇ ಕೊಡುತ್ತವೆ.

ಮೂಲ ಕಥೆ ಬಲು ಹಳೆಯದು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಸಂಸ್ಕೃತದಲ್ಲಿ ಬರೆದ 'ಕಥಾಸರಿತ್ಸಾಗರ'ದಲ್ಲಿ ಬೇತಾಳನ ಇಪ್ಪತ್ತೈದು ಕಥೆಗಳಿವೆ. ಅಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ. ಅವನ ರಾಜಧಾನಿ ಗೋದಾವರೀ ತೀರದ ಪ್ರತಿಷ್ಠಾನ, ಅಂದರೆ ಇಂದಿನ ಮಹಾರಾಷ್ಟ್ರದ ಪೈಠಣ. ಭಿಕ್ಷುವೊಬ್ಬನು ದಿನವೂ ಒಂದು ಹಣ್ಣನ್ನು ತಂದು ರಾಜನಿಗೆ ಒಪ್ಪಿಸುತ್ತಾನೆ. ಪ್ರತಿಯೊಂದು ಹಣ್ಣಿನಲ್ಲಿಯೂ ಒಂದೊಂದು ರತ್ನ. ಅದಕ್ಕೆ ಪ್ರತಿಯಾಗಿ ಆತನು ಬೇಡುವುದು ಇಷ್ಟೇ: ಸ್ಮಶಾನದ ಮರದಲ್ಲಿ ತೂಗಾಡುವ ಹೆಣವನ್ನು ಮೌನವಾಗಿ ಹೊತ್ತು ತರಬೇಕು. ದಾರಿಯಲ್ಲಿ ಬೇತಾಳನು ಒಂದು ಕಥೆ ಹೇಳಿ ಕೊನೆಗೆ ಪ್ರಶ್ನೆ ಕೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿದು ಹೋಳಾಗುತ್ತದೆ. ಹೇಳಿದರೆ ಮೌನ ಮುರಿದು ಬೇತಾಳನು ಮತ್ತೆ ಮರವೇರುತ್ತಾನೆ. 'ಚಂದಮಾಮ'ದವರು ಇಪ್ಪತ್ತೈದಕ್ಕೆ ನಿಲ್ಲಿಸಲಿಲ್ಲ. ಹೊಸ ಹೊಸ ಕಥೆಗಳನ್ನು ಕಟ್ಟಿ ಅದೇ ಚೌಕಟ್ಟಿನೊಳಗಿಟ್ಟು ದಶಕಗಟ್ಟಲೆ ನಡೆಸಿದರು. ಆ ಭಾಷೆಯನ್ನು ತಿದ್ದಿ ತೀಡಿ ಹದಗೊಳಿಸುತ್ತಿದ್ದವರು ತೆಲುಗಿನ ಹಿರಿಯ ಕಥೆಗಾರ ಕೊಡವಟಿಗಂಟಿ ಕುಟುಂಬರಾವ್.

ನಮ್ಮ ಮನೆಯಲ್ಲಿ ಇದನ್ನು ಓದುವ ಕ್ರಮವೇ ಬೇರೆಯಾಗಿತ್ತು. ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಸಂಜೆಯ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಕೌದಿ ಹಾಸಿಕೊಂಡು ಕುಳಿತು, "ಎಲ್ಲಿ, ಆ ಮರಕ್ಕ ಜೋತುಬಿದ್ದಾಂವನ್ನ ಓದ್ರಿ ನೋಡೂಣು" ಎಂದು ಅಪ್ಪಣೆ ಮಾಡುತ್ತಿದ್ದಳು. ಮೊಮ್ಮಕ್ಕಳಲ್ಲಿ ಯಾರು ಹೆಚ್ಚು ಹೆದರುಪುಕ್ಕಲರೋ ಅವರೇ ಓದಬೇಕೆಂಬುದು ಅವಳ ಕಟ್ಟಳೆ. ಗಟ್ಟಿಯಾಗಿ ಓದುವವನಿಗೆ ಹೆದರಲು ಪುರುಸೊತ್ತಿರುವುದಿಲ್ಲ ಎಂಬುದನ್ನು ಅವಳು ಯಾವ ಪುಸ್ತಕದಿಂದಲೂ ಕಲಿತವಳಲ್ಲ. ಯಾರಾದರೂ ನಡುನಡುವೆ ಕಿಟಕಿಯ ಕಡೆಗೆ ನೋಡಿದರೆ, "ಲಿಂಗಾ ಕಟ್ಟಿಕೊಂಡಾಂವಗ ದೆವ್ವದ ಅಂಜಿಕಿ ಯಾತರದೋ?" ಎಂದು ಗದರುತ್ತಿದ್ದಳು. ಜಾತ್ರೆಯಲ್ಲಿ ಪುರವಂತರು ಖಡ್ಗ ಝಳಪಿಸುತ್ತ ವೀರಭದ್ರನ ಒಡಪು ಹೇಳುವಾಗ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದವಳು ಅವಳು. ಮಾರಿ-ಮಸಣಿಗಳಿಗೆ ಹೆದರಿ ಕೈಮುಗಿಯುವುದನ್ನು ಬಸವಾದಿ ಶರಣರು ಹಳಿದದ್ದು ಅವಳಿಗೆ ವಚನಗಳ ಮೂಲಕ ಬಾಯಿಪಾಠವಾಗಿತ್ತು. ದೆವ್ವವಿಲ್ಲವೆಂದು ತಿಳಿದವರೇ ದೆವ್ವದ ಕಥೆಯನ್ನು ನಿಶ್ಚಿಂತೆಯಿಂದ ಕೇಳಬಲ್ಲರು.

ಬೇತಾಳನು ಪ್ರಶ್ನೆ ಕೇಳಿದ ಕೂಡಲೇ ಪುಸ್ತಕ ಮುಚ್ಚಬೇಕು. ರಾಜನ ಉತ್ತರವನ್ನು ಅಂದು ಓದುವಂತಿಲ್ಲ. ಮನೆಯವರೆಲ್ಲ ತಮ್ಮ ತಮ್ಮ ತೀರ್ಪು ಹೇಳಬೇಕು. ರಾಜನ ತೀರ್ಪು ಮರುದಿನ. ಮೂಲದ ಇಪ್ಪತ್ತೈದರಲ್ಲಿ ಒಂದು ಕಥೆಯಿದೆ. ಒಬ್ಬಳೇ ಕನ್ಯೆಯನ್ನು ಮೂವರು ತರುಣರು ಬಯಸುತ್ತಾರೆ. ಅವಳು ಜ್ವರದಿಂದ ತೀರಿಕೊಳ್ಳುತ್ತಾಳೆ. ಒಬ್ಬನು ಚಿತೆಯ ಬೂದಿಯ ಮೇಲೆಯೇ ಮಲಗಿ ದಿನ ಕಳೆಯುತ್ತಾನೆ. ಎರಡನೆಯವನು ಅಸ್ಥಿಯನ್ನು ಗಂಗೆಗೆ ಒಯ್ಯುತ್ತಾನೆ. ಮೂರನೆಯವನು ದೇಶಸಂಚಾರ ಮಾಡಿ ಸತ್ತವರನ್ನು ಬದುಕಿಸುವ ಮಂತ್ರವನ್ನು ಸಂಪಾದಿಸಿ ತಂದು ಅವಳನ್ನು ಎಬ್ಬಿಸುತ್ತಾನೆ. ಈಗ ಅವಳು ಯಾರ ಹೆಂಡತಿ? ಜೀವ ಕೊಟ್ಟವನು ತಂದೆಗೆ ಸಮಾನ, ಅಸ್ಥಿ ಹೊತ್ತವನು ಮಗನಿಗೆ ಸಮಾನ, ಬೂದಿಯೊಡನೆ ಮಲಗಿದವನೇ ಗಂಡ ಎಂಬುದು ರಾಜನ ಉತ್ತರ. ನಾವು ಹುಡುಗರು ಒಕ್ಕೊರಲಿನಿಂದ ಮಂತ್ರ ತಂದವನ ಪಕ್ಷ ವಹಿಸಿದ್ದೆವು. ಆಯಿ ಬಹಳ ಹೊತ್ತು ಸುಮ್ಮನಿದ್ದು, "ಎದ್ದು ಕುಂತಾಳಲ್ಲ, ಅಕೀನ್ನ ಯಾರರೆ ಒಂದ್ ಮಾತ್ ಕೇಳಿದ್ರೇನು?" ಎಂದಳು. ಹತ್ತು ವರ್ಷಕ್ಕೆ ಮದುವೆಯಾಗಿ ಬಂದವಳ ಮಾತದು. ಅದಕ್ಕೆ ಉತ್ತರ ಕೊಡುವುದು ತ್ರಿವಿಕ್ರಮನಿಗೂ ಸಾಧ್ಯವಿರಲಿಲ್ಲವೆಂದು ನಮಗೆ ತೋರುತ್ತದೆ.

ಇನ್ನು ಓಣಿಯ ಮಾತು. ನಮ್ಮ ಮನೆಗೆ ಕನ್ನಡ 'ಚಂದಮಾಮ' ಬಂದರೆ ಪಕ್ಕದ ಮರಾಠಿ ಮನೆಗೆ 'ಚಾಂದೋಬಾ' ಬರುತ್ತಿತ್ತು. ಕಾನ್ವೆಂಟಿಗೆ ಹೋಗುವ ಹುಡುಗಿಯೊಬ್ಬಳ ಮನೆಗೆ ಇಂಗ್ಲಿಷಿನದು. ಸೈನ್ಯದ ತಮಿಳು ಹವಾಲ್ದಾರರ ಮನೆಗೆ 'ಅಂಬುಲಿಮಾಮಾ'. ಚಿತ್ರ ಅದೇ, ಮರ ಅದೇ, ಹೆಣವೂ ಅದೇ. ಅಕ್ಷರ ಮಾತ್ರ ಬೇರೆ. ಯಾರ ಮನೆಯ ಸಂಚಿಕೆ ಮೊದಲು ಬರುತ್ತದೆಯೋ ಆ ಮನೆಯ ಕಟ್ಟೆಯ ಮೇಲೆ ಅಂದು ಎಲ್ಲರ ಸಭೆ. ಅಂಚೆ ತಡವಾದಾಗ ಮರಾಠಿಯಲ್ಲಿ ಓದಿಯಾದರೂ ಸರಿ ಮುಂದೇನಾಯಿತೆಂದು ತಿಳಿಯಲೇಬೇಕಿತ್ತು. ನಮ್ಮಲ್ಲಿ ಹಲವರು ಮರಾಠಿಯನ್ನು ಸರಾಗವಾಗಿ ಓದಲು ಕಲಿತದ್ದು ಹಾಗೆಯೇ. ಪಕ್ಕದ ಮನೆಯ ಹುಡುಗರು ಕನ್ನಡದ ಒತ್ತಕ್ಷರಗಳನ್ನು ಕಲಿತದ್ದೂ ಬೇತಾಳನ ದೆಸೆಯಿಂದಲೇ. ಎರಡು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಚಿತ್ರದಿಂದ ಚಿತ್ರಕ್ಕೆ ಹೊಂದಿಸಿಕೊಂಡು ಹೋದರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು.

ಈ ಸಂಗತಿಯನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಂದಿನಿಂದ ನಮ್ಮ ಊರಿನ ಹೆಸರು ವೃತ್ತಪತ್ರಿಕೆಗಳಲ್ಲಿ ಬರುವುದು ಹೆಚ್ಚಾಗಿ ಗಡಿಯ ತಂಟೆಗಾಗಿ. ಮಹಾಜನ ಆಯೋಗ ಬಂದು ಹೋಯಿತು. ಬೆಳಗಾಂ ಎಂಬ ಹೆಸರು 2014ರಲ್ಲಿ ಅಧಿಕೃತವಾಗಿ ಬೆಳಗಾವಿಯಾಯಿತು. ತಂಟೆ ಮಾತ್ರ ನ್ಯಾಯಾಲಯದ ಮೆಟ್ಟಿಲ ಮೇಲೆ ಕುಳಿತೇ ಇದೆ. ಮೆರವಣಿಗೆ, ಬಂದ್, ಮುಚ್ಚಿದ ಅಂಗಡಿಗಳನ್ನು ಕಂಡು ಬೆಳೆದವರು ನಾವು. ಹೊರಗೆ ಘೋಷಣೆ ಕೇಳುತ್ತಿದ್ದ ದಿನಗಳಲ್ಲಿಯೂ ಹಿತ್ತಿಲ ಗೋಡೆಯ ಮೇಲಿನಿಂದ 'ಚಾಂದೋಬಾ' ಈಚೆಗೂ 'ಚಂದಮಾಮ' ಆಚೆಗೂ ಹಾದುಹೋಗುತ್ತಿದ್ದುವು. ದೊಡ್ಡವರು ಕಂಡೂ ಕಾಣದಂತಿರುತ್ತಿದ್ದರು. ಪೈಠಣದ ರಾಜನ ಕಥೆಯನ್ನು ಕಾಶ್ಮೀರದವನು ಬರೆದು, ತೆಲುಗರು ಹಿಗ್ಗಿಸಿ, ತಮಿಳುನಾಡಿನ ಕಲಾವಿದನು ಚಿತ್ರಿಸಿ, ಕನ್ನಡ-ಮರಾಠಿ ಮಕ್ಕಳು ಒಟ್ಟಿಗೆ ಕೂತು ಬೆವರಿದರೆ, ಆ ಬೇತಾಳನು ಯಾವ ರಾಜ್ಯಕ್ಕೆ ಸೇರಿದವನೆಂದು ಯಾವ ಆಯೋಗ ಹೇಳಬೇಕು?

ಪತ್ರಿಕೆಯ ಕೊನೆಯ ಪುಟಗಳಲ್ಲಿ ಎರಡು ಛಾಯಾಚಿತ್ರಗಳಿಗೆ ಹೊಂದುವ ಶೀರ್ಷಿಕೆ ಬರೆದು ಕಳಿಸುವ ಸ್ಪರ್ಧೆಯೊಂದಿರುತ್ತಿತ್ತು. ಕಾರ್ಡಿನ ಖರ್ಚಿಗಾಗಿ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ನಮ್ಮ ಓಣಿಗೆ ಒಂದು ಸಲವೂ ಬಹುಮಾನ ಬರಲಿಲ್ಲ. ವರ್ಷದ ಕೊನೆಗೆ ಹನ್ನೆರಡೂ ಸಂಚಿಕೆಗಳನ್ನು ದಬ್ಬಣದಿಂದ ಹೊಲಿದು, ಹಳೆಯ ಸೀರೆಯ ಅಂಚನ್ನು ಬೆನ್ನಿಗೆ ಅಂಟಿಸಿ ಕಟ್ಟು ಮಾಡುವುದು ದೊಡ್ಡಣ್ಣನ ಕೆಲಸ. ಹಾಗೆ ಕಟ್ಟಿದ ಸಂಪುಟಕ್ಕೆ ಮದುವೆಯ ಆಭರಣದಷ್ಟು ಬೆಲೆ. ಎರವಲು ಕೊಡುವಾಗ ಎರಡೂ ಮನೆಯ ಹಿರಿಯರು ಸಾಕ್ಷಿಗಿರಬೇಕಿತ್ತು.

ಇಂಥ ಅಭಿಮಾನ ನಮ್ಮಲ್ಲಿ ಮಾತ್ರವೇ ಇತ್ತೆಂದು ತಿಳಿಯಬಾರದು. ಅಮೆರಿಕೆಯಲ್ಲಿ 1958ರಲ್ಲಿ ಜೇಮ್ಸ್ ವಾರೆನ್ ಎಂಬ ಪ್ರಕಾಶಕರೂ ಫಾರೆಸ್ಟ್ ಅಕರ್ಮನ್ ಎಂಬ ಸಂಪಾದಕರೂ ಸೇರಿ 'ಫೇಮಸ್ ಮಾನ್‌ಸ್ಟರ್ಸ್ ಆಫ್ ಫಿಲ್ಮ್‌ಲ್ಯಾಂಡ್' ಎಂಬ ಪತ್ರಿಕೆಯನ್ನು ತಂದರು. ಡ್ರಾಕುಲಾ, ಫ್ರಾಂಕೆನ್‌ಸ್ಟೈನ್ ಮುಂತಾದ ಹಳೆಯ ಚಲನಚಿತ್ರಗಳ ವಿಕೃತಾಕಾರಗಳ ಚಿತ್ರಗಳೇ ಅದರ ಬಂಡವಾಳ. ಒಂದೇ ಸಂಚಿಕೆಗೆ ಮುಗಿಯಬೇಕೆಂದಿದ್ದುದು 1983ರವರೆಗೆ ನಡೆದು 191 ಸಂಚಿಕೆಗಳನ್ನು ಕಂಡಿತು. ಅಕರ್ಮನ್ನರು ಲಾಸ್ ಏಂಜಲಿಸಿನ ತಮ್ಮ ಮನೆಯನ್ನೇ ಸಂಗ್ರಹಾಲಯವನ್ನಾಗಿ ಮಾಡಿ, ಶನಿವಾರಗಳಂದು ಓದುಗ ಮಕ್ಕಳಿಗೆ ಬಾಗಿಲು ತೆರೆದಿಡುತ್ತಿದ್ದರಂತೆ; ಕಾಸು ಕೇಳುತ್ತಿರಲಿಲ್ಲ. ಇಂದು ಜಗತ್ಪ್ರಸಿದ್ಧನಾಗಿರುವ ಕಾದಂಬರಿಕಾರ ಸ್ಟೀಫನ್ ಕಿಂಗ್ ಬಾಲಕನಾಗಿದ್ದಾಗ ತಾನು ಬರೆದ ಕಥೆಯನ್ನು ಇದೇ ಅಕರ್ಮನ್ನರಿಗೆ ಕಳಿಸಿದ್ದನು. ಅವರು ಅದನ್ನು ಅಚ್ಚು ಹಾಕಲಿಲ್ಲ, ಎಸೆಯಲೂ ಇಲ್ಲ. ಎಷ್ಟೋ ವರ್ಷಗಳ ತರುವಾಯ ಅದನ್ನೇ ಕಿಂಗ್ ಮುಂದೆ ಹಿಡಿದು ಸಹಿ ಮಾಡಿಸಿಕೊಂಡರು. ಮಗುವಿನ ಕೈಬರಹವನ್ನು ಹೀಗೆ ಕಾಪಾಡುವ ಸಂಪಾದಕರ ಬಗೆಗೆ ನಮಗೆ ಗೌರವವುಂಟು.

ಅದೇ ದೇಶದಲ್ಲಿ 1954ರಲ್ಲಿ ಭಯಾನಕ ಕಾಮಿಕ್ಸುಗಳಿಂದ ಮಕ್ಕಳು ಕೆಡುತ್ತಿದ್ದಾರೆಂದು ಸೆನೆಟ್ ಸಭೆಯ ಸಮಿತಿಯು ವಿಚಾರಣೆ ನಡೆಸಿತ್ತು. ಪ್ರಕಾಶಕರು ತಾವೇ ಒಂದು ನೀತಿಸಂಹಿತೆಯನ್ನು ಒಪ್ಪಿಕೊಳ್ಳಬೇಕಾಯಿತು. ಇಂಗ್ಲೆಂಡಿನಲ್ಲಿ 1955ರಲ್ಲಿ ಕಾಯ್ದೆಯೇ ಬಂದಿತು. ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ಯುವಜನರಿಗೆ ಹಾನಿಕಾರಕವಾದ ಪ್ರಕಟಣೆಗಳನ್ನು ಕುರಿತ ಕಾಯ್ದೆಯನ್ನು 1956ರಲ್ಲಿ ಸಂಸತ್ತು ಅಂಗೀಕರಿಸಿತು. ಅಪರಾಧ, ಹಿಂಸೆ, ಕ್ರೌರ್ಯ, ಜುಗುಪ್ಸೆ ಹುಟ್ಟಿಸುವ ಭೀಕರ ಘಟನೆಗಳನ್ನು ಚಿತ್ರಿಸಿ ಇಪ್ಪತ್ತರ ಒಳಗಿನವರ ಮನಸ್ಸನ್ನು ಕೆಡಿಸುವ ಪುಸ್ತಕ-ಪತ್ರಿಕೆಗಳನ್ನು ಮಾರಿದರೆ ಶಿಕ್ಷೆಯುಂಟೆಂದು ಅದು ಹೇಳುತ್ತದೆ. ಈ ಕಾಯ್ದೆ ಜಾರಿಯಲ್ಲಿದ್ದಾಗಲೇ ಸ್ಮಶಾನ, ಹೆಣ, ರುಂಡಮಾಲೆಗಳನ್ನು ತುಂಬಿಕೊಂಡ 'ಚಂದಮಾಮ'ವು ಪೂಜೆ-ಪುನಸ್ಕಾರದ ಮನೆಗಳ ಹೊಸ್ತಿಲನ್ನು ನಿರಾತಂಕವಾಗಿ ದಾಟುತ್ತಿದ್ದಿತು. ಗ್ಲೋಬ್ ಚಿತ್ರಮಂದಿರದ ಗೋಡೆಯ ಮೇಲಿನ ರಕ್ತ ಸೋರುವ ಪೋಸ್ಟರನ್ನು ನೋಡಬಾರದೆಂದು ಮಕ್ಕಳ ಕಣ್ಣು ಮುಚ್ಚುತ್ತಿದ್ದ ಅಪ್ಪನೇ ಬರುವಾಗ ಬೇತಾಳನನ್ನು ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದನು. ಈ ಭೇದವನ್ನು ಅವರು ಎಲ್ಲಿಂದ ತಿಳಿದರು? ನಮಗೆ ಹೊಳೆಯುವ ಕಾರಣವೊಂದೇ. ಬೇತಾಳನು ಹೆದರಿಸಿ ಸುಮ್ಮನಾಗುವುದಿಲ್ಲ, ನ್ಯಾಯವನ್ನು ಕೇಳುತ್ತಾನೆ. ಹೆದರಿದ ಮಗು ಹೆದರುತ್ತಲೇ ಯೋಚಿಸಬೇಕಾಗುತ್ತದೆ.

ವಯಸ್ಸು ಹದಿನಾಲ್ಕು ದಾಟಿದ ಮೇಲೆ 'ಚಂದಮಾಮ' ಸಾಲದಾಯಿತು. ಆಗ ಕೈಗೆ ಸಿಕ್ಕವರು ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ ಈ ಮಹನೀಯರು ಐದುನೂರಕ್ಕೂ ಮಿಕ್ಕಿ ಪತ್ತೇದಾರಿ ಕಾದಂಬರಿಗಳನ್ನು ಬರೆದು ಸಾಮಾನ್ಯರಿಗೆ ಓದುವ ಹುಚ್ಚು ಹಿಡಿಸಿದರು, 2011ರಲ್ಲಿ ತೀರಿಕೊಂಡರು. ಮರಾಠಿ ಗೆಳೆಯರ ಕೈಯಲ್ಲಿ ನಾರಾಯಣ ಧಾರಪರ ಪುಸ್ತಕಗಳಿರುತ್ತಿದ್ದುವು. ಮುಚ್ಚಿದ ಕೋಣೆ, ಹಳೆಯ ವಾಡೆ, ನೆಲಮಾಳಿಗೆಯಲ್ಲಿ ಉಸಿರಾಡುವ ಏನೋ ಒಂದು! ಧಾರಪರನ್ನು ಕ್ಯಾಂಪಿನ ಬಾಡಿಗೆ ಗ್ರಂಥಾಲಯದಿಂದ ತಂದು ಒಂದೇ ರಾತ್ರಿಯಲ್ಲಿ ಮುಗಿಸಬೇಕಿತ್ತು. ಬಾಡಿಗೆ ದಿನದ ಲೆಕ್ಕ. 2018ರಲ್ಲಿ ಬಂದ 'ತುಂಬಾಡ್' ಎಂಬ ಹಿಂದಿ ಚಿತ್ರಕ್ಕೆ ಅವರ ಕಥೆಯೂ ಪ್ರೇರಣೆಯೆಂದು ತಿಳಿದಾಗ ನಮ್ಮ ಹಳೆಯ ಗೆಳೆಯರಲ್ಲಿ ಹಬ್ಬವೇ ಆಯಿತು.

ಎಂಬತ್ತರ ದಶಕದಲ್ಲಿ ಬಂದ 'ತುಳಸಿದಳ'ದ ಬಗೆಗೆ ಮಾತ್ರ ನಮ್ಮ ಅಭಿಪ್ರಾಯ ಬೇರೆ. ತೆಲುಗಿನ ಯಂಡಮೂರಿ ವೀರೇಂದ್ರನಾಥರ ಈ ಕಾದಂಬರಿಯು ವಂಶಿಯವರ ಅನುವಾದದಲ್ಲಿ ಕನ್ನಡಕ್ಕೆ ಬಂದು ಮನೆಮಾತಾಯಿತು. 1985ರಲ್ಲಿ ಚಲನಚಿತ್ರವೂ ಆಯಿತು. ಮುಗ್ಧ ಬಾಲಿಕೆಯ ಮೇಲೆ ಮಾಟ ಮಾಡಿಸುವ ಕಥೆ. ಬರೆದ ಚಾತುರ್ಯವನ್ನು ಅಲ್ಲಗಳೆಯಲಾರೆವು. ಕೆಳಗಿಡಲಾಗದೆ ಓದಿದವರಲ್ಲಿ ನಾವೂ ಸೇರಿದ್ದೇವೆ. ಆದರೆ ಬೇತಾಳನನ್ನು ಓದಿದ ರಾತ್ರಿ ಯಾರೂ ನೆರೆಮನೆಯವರನ್ನು ಸಂಶಯದಿಂದ ನೋಡಿದ್ದಿಲ್ಲ. 'ತುಳಸಿದಳ' ಓದಿದ ಮೇಲೆ ಅಂಗಳದಲ್ಲಿ ಬಿದ್ದ ನಿಂಬೆಹಣ್ಣಿಗೆ ಅರ್ಥ ಹುಡುಕುವವರನ್ನು ನಾವು ಕಂಡಿದ್ದೇವೆ. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಬಾಣಾಮತಿಯ ಹೆಸರಿನಲ್ಲಿ ಅಮಾಯಕರಿಗೆ ಆದ ಹಿಂಸೆ ಕಥೆಯಲ್ಲ. ದೆವ್ವ ಬಿಡಿಸುವ ನೆಪದಿಂದ ಹೊಡೆಯುವುದನ್ನು ಅಪರಾಧವೆಂದು ಸಾರುವ ಕಾಯ್ದೆಯನ್ನು ನಮ್ಮ ರಾಜ್ಯವು 2017ರಲ್ಲಿ ತರಬೇಕಾಯಿತು. ಆದುದರಿಂದ ತಾಯಂದಿರಿಗೆ ನಾವು ಹೇಳುವುದಿಷ್ಟು: ಮಗು ಓದುವ ದೆವ್ವದ ಕಥೆಯನ್ನು ನೀವೂ ಒಮ್ಮೆ ಓದಿರಿ. ಅದು ಪ್ರಶ್ನೆ ಕೇಳುತ್ತದೆಯೋ, ಪಕ್ಕದ ಮನೆಯವರತ್ತ ಬೆರಳು ತೋರಿಸುತ್ತದೆಯೋ ನೋಡಿರಿ. ಮಗುವಿನ ಪಕ್ಕದಲ್ಲಿ ಕುಳಿತೇ ಓದಿರಿ. ನಾವು ಅಂದು ಹೆದರಿದ್ದು ಹತ್ತು ಜನರ ನಡುವೆ, ಶೇಂಗಾ ಸುಲಿಯುತ್ತ. ಇಂದಿನ ಮಗು ಹೆದರುವುದು ಹೊದಿಕೆಯೊಳಗೆ ಒಂಟಿಯಾಗಿ, ಕಿವಿಗೆ ತಂತಿ ಸಿಕ್ಕಿಸಿಕೊಂಡು. ಬೇತಾಳನಿಗಿಂತ ಆ ಒಂಟಿತನವೇ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡುತ್ತದೆ.

ದೂರದರ್ಶನದಲ್ಲಿ 1985ರಲ್ಲಿ ರಾಮಾನಂದ ಸಾಗರರ 'ವಿಕ್ರಮ್ ಔರ್ ಬೇತಾಳ್' ಬಂದಿತು. ಕ್ಯಾಂಪಿನ ಮಕ್ಕಳೆಲ್ಲ ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ನೆರೆದರು. ನಮಗೆ ಅದು ರುಚಿಸಲಿಲ್ಲ. ಶಂಕರರ ಬೇತಾಳನಿಗೆ ಇದ್ದ ಗಾಂಭೀರ್ಯ ಅಲ್ಲಿರಲಿಲ್ಲ. 1993ರಿಂದ ಜೀ ವಾಹಿನಿಯಲ್ಲಿ ರಾಮ್ಸೆ ಸಹೋದರರ ಭಯಾನಕ ಕಥೆಗಳು ಬಂದುವು. ಅವುಗಳ ವಿಷಯ ಬೇಡ.

'ಚಂದಮಾಮ'ವು 1998ರಲ್ಲಿ ನಿಂತು, 1999ರ ಕೊನೆಗೆ ಮತ್ತೆ ಹೊರಟು, 2007ರಲ್ಲಿ ಮುಂಬಯಿಯ ಕಂಪನಿಯೊಂದರ ಕೈಸೇರಿ, 2013ರ ಹೊತ್ತಿಗೆ ಪೂರ್ತಿಯಾಗಿ ನಿಂತುಹೋಯಿತು. ಶಂಕರ್ 2020ರ ಸೆಪ್ಟೆಂಬರಿನಲ್ಲಿ ತಮ್ಮ ತೊಂಬತ್ತಾರನೆಯ ವಯಸ್ಸಿನಲ್ಲಿ ಕಣ್ಮರೆಯಾದರು. ಮರುವರ್ಷ ಭಾರತ ಸರಕಾರ ಅವರಿಗೆ ಮರಣೋತ್ತರವಾಗಿ ಪದ್ಮಶ್ರೀ ನೀಡಿತು. ಕಾಸಿಗೆ ಕಾಸು ಕೂಡಿಸಿ ಅವರ ಚಿತ್ರಗಳಿಗಾಗಿ ಕಾಯುತ್ತಿದ್ದ ಮಕ್ಕಳು ಆ ಗೌರವವನ್ನು ಅವರಿಗೆ ಎಂದೋ ಕೊಟ್ಟಿದ್ದರು.

ಮೂಲ ಕಥೆಯಲ್ಲಿ ಬೇತಾಳನ ಕೊನೆಯ ಪ್ರಶ್ನೆಗೆ ರಾಜನಲ್ಲಿ ಉತ್ತರವಿರುವುದಿಲ್ಲ. ತಂದೆಯೊಬ್ಬನು ಬೇರೊಬ್ಬಳ ಮಗಳನ್ನೂ, ಅವನ ಮಗನು ಆ ಮಗಳ ತಾಯಿಯನ್ನೂ ಮದುವೆಯಾದರೆ ಅವರಿಗೆ ಹುಟ್ಟುವ ಮಕ್ಕಳು ಪರಸ್ಪರ ಏನಾಗಬೇಕು ಎಂಬುದು ಆ ಪ್ರಶ್ನೆ. ರಾಜನು ತಲೆ ಕೆಡಿಸಿಕೊಂಡು ಮೌನವಾಗಿ ನಡೆಯುತ್ತಾನೆ. ಬೇತಾಳನು ಮೆಚ್ಚಿ, ಭಿಕ್ಷುವು ನಿನ್ನನ್ನೇ ಬಲಿಕೊಡಲು ಕಾದಿದ್ದಾನೆಂದು ಎಚ್ಚರಿಸಿ ಅವನನ್ನು ಉಳಿಸುತ್ತಾನೆ. ಹೆದರಿಸಲು ಬಂದವನೇ ಗೆಳೆಯನಾಗುತ್ತಾನೆ. ಇದನ್ನು ನಾವು ಓದಿ ತಿಳಿದದ್ದು ದೊಡ್ಡವರಾದ ಮೇಲೆ, ಬೇರೆ ಗ್ರಂಥದಿಂದ. ನಾವು ಓದಿದಷ್ಟು ಕಾಲ 'ಚಂದಮಾಮ'ದ ರಾಜನು ಭಿಕ್ಷುವಿನ ಬಳಿಗೆ ತಲಪಲೇ ಇಲ್ಲ. ಪ್ರತಿ ತಿಂಗಳೂ ಮರದ ಬಳಿಗೇ ಹಿಂದಿರುಗುತ್ತಿದ್ದನು.

ಹಳೆಯ ಸಂಚಿಕೆಗಳಿಗೆ ಈಗ ಸಂಗ್ರಾಹಕರು ಕೇಳಿದಷ್ಟು ಬೆಲೆ ಕೊಡುತ್ತಾರೆಂದು ಕೇಳಿದ್ದೇವೆ. ಆದರೆ ಖಡೇಬಜಾರಿನ ರದ್ದಿಯ ತಕ್ಕಡಿಗೆ ಅದು ತಿಳಿಯದು. ಅಲ್ಲಿ ಬೇತಾಳನೂ ಕಿಲೋ ಲೆಕ್ಕ. ಕ್ಯಾಂಪಿನಲ್ಲಾಗಲಿ, ಶಹಾಪುರದಲ್ಲಾಗಲಿ, ಖಾನಾಪುರದ ಕಡೆಯ ಹಳ್ಳಿಗಳಲ್ಲಾಗಲಿ ನಿಮ್ಮ ಅಟ್ಟದ ಮೇಲೆ ಇಂಥ ಕಟ್ಟುಗಳಿದ್ದರೆ ದೀಪಾವಳಿಯ ಸ್ವಚ್ಛತೆಯ ಹೊತ್ತಿಗೆ ಕೆಳಗಿಳಿಸಿರಿ. ಒಂದು ದಿನ ಎಳೆಬಿಸಿಲಿಗೆ ಹರವಿ, ನಡುನಡುವೆ ಒಣಗಿದ ಬೇವಿನ ಎಲೆಯಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಸುತ್ತದೆ ಬಟ್ಟೆಯಲ್ಲಿ ಕಟ್ಟಿಡಿರಿ. ಬೆಳಗಾವಿಯ ಮಳೆಗಾಲಕ್ಕೆ ಪ್ಲಾಸ್ಟಿಕ್ಕಿನೊಳಗೆ ಬೂಸು ಬೇಗ ಹಿಡಿಯುತ್ತದೆ. ಕಟ್ಟುವುದಕ್ಕೆ ಮೊದಲು ಒಂದು ಸಂಚಿಕೆಯನ್ನು ಹೊರಗೆ ಇಟ್ಟುಕೊಳ್ಳಿರಿ. ಪಕ್ಕದ ಮನೆಯಲ್ಲಿ 'ಚಾಂದೋಬಾ' ಉಳಿದಿದೆಯೇ ಎಂದೂ ಕೇಳಿ ನೋಡಿರಿ.